ಸುಮನಾ ಅಕ್ಕನ ಖಾಲಿ ಪುಟಗಳು

ಸಿಡ್ನಿ: ಹಸಿರು ಅಂಗಿಯ ನಾಯಿ

ಆಸ್ಟ್ರೇಲಿಯಾದಲ್ಲಿ ನನ್ನನ್ನು ಮೊದಲು ಗುರುತಿಸಿದ್ದು ಒಂದು ನಾಯಿ. ಸಿಡ್ನಿಯ ವಿಮಾನ ನಿಲ್ದಾಣದಲ್ಲಿ ಸಾಮಾನಿಗಾಗಿ ಕಾಯುತ್ತ ನಿಂತಿದ್ದ ನಮ್ಮ ನಡುವೆ ಅದು ಮೂಸುತ್ತ ಬಂತು. ಜೋಲುಕಿವಿ, ಸಾಧು ಮುಖ, ಬೆನ್ನ ಮೇಲೊಂದು ಹಸಿರು ಅಂಗಿ. ಅಷ್ಟು ಜನರನ್ನು ಬಿಟ್ಟು ನನ್ನ ಚೀಲದ ಪಕ್ಕದಲ್ಲೇ ಕುಳಿತುಬಿಟ್ಟಿತು. ಧಾರವಾಡದ ನಾಯಿಗಳು ಮೂವತ್ತು ವರ್ಷ ಮಾಸ್ತರಿಕೆ ಮಾಡಿದ ನನಗೆ ಇಷ್ಟು ಮರ್ಯಾದೆ ಕೊಟ್ಟದ್ದಿಲ್ಲ. ತಲೆ ಸವರಲು ಬಗ್ಗಿದೆ. ಅದರ ಹಗ್ಗ ಹಿಡಿದಿದ್ದ ಹೆಣ್ಣುಮಗಳು ನಗುನಗುತ್ತಲೇ, ಚೀಲ ಬಿಚ್ಚಿ ಎಂದಳು.

ವಿಮಾನದಲ್ಲಿ ಕೊಟ್ಟ ಚೀಟಿಯಲ್ಲಿ ತಿನ್ನುವ ಪದಾರ್ಥ ತಂದಿದ್ದೀರಾ ಎಂದು ಕೇಳಿದ್ದರು. "ಇಲ್ಲ" ಎಂಬ ಚೌಕದಲ್ಲಿ ಗೀಟೆಳೆದಿದ್ದೆ. ಚೀಲದಲ್ಲಿ ಅತ್ತಿಗೆ ಕಟ್ಟಿಕೊಟ್ಟ ಎರಡು ಸೇರು ಶೇಂಗಾ ಚಟ್ನಿಪುಡಿ ಇತ್ತು. ಸುಳ್ಳು ಹೇಳಬೇಕೆಂದೇನೂ ಅಲ್ಲ. ಕೇಳಿದ ತಕ್ಷಣ ಇಲ್ಲ ಎಂದುಬಿಟ್ಟರೆ ಮುಂದಿನ ತಕರಾರು ತಪ್ಪುತ್ತದೆ ಎಂಬುದು ನನ್ನ ಹಳೆಯ ಚಾಳಿ.

ಅಧಿಕಾರಿ ಡಬ್ಬಿ ತೆಗೆದು ಮೂಸಿದ. ಅವನ ಮುಖ ನೋಡಿದರೆ ಅವನಿಗೂ ಒಂದು ರೊಟ್ಟಿ ಬೇಕೆನ್ನಿಸಿದಂತಿತ್ತು. "ನೀವು ಇದೆ ಅಂತ ಹೇಳಿದ್ದರೆ ನಾನು ನೋಡಿ ಬಿಟ್ಟುಬಿಡಬಹುದಿತ್ತು. ಹೇಳಲಿಲ್ಲ ನೋಡಿ, ಅದಕ್ಕೇ ಇದು ಹೋಗುತ್ತೆ," ಎಂದು ಮೆತ್ತಗೆ ಹೇಳಿ, ಡಬ್ಬಿಯನ್ನು ದೊಡ್ಡದೊಂದು ಹಳದಿ ತೊಟ್ಟಿಗೆ ಹಾಕಿದ. ನನಗೆ ಎಚ್ಚರಿಕೆಯ ಕಾಗದವೊಂದು ಸಿಕ್ಕಿತು.

ಹೊರಗೆ ಕಾಯುತ್ತಿದ್ದ ಅಣ್ಣನ ಮಗಳು ಶೈಲಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯ ಕಾಕಾ, ಡಿಕ್ಲೇರ್ ಮಾಡೂದಲ್ರೀ! ಹುಬ್ಬಳ್ಳಿಯಿಂದ ಬರೋರೆಲ್ಲಾ ಚಟ್ನಿಪುಡಿ ತರ್ತಾರ. ಎಸ್ ಅಂತ ಟಿಕ್ ಮಾಡ್ತಾರ, ತಗದು ತೋರಸ್ತಾರ, ತಗೊಂಡು ಬರ್ತಾರ. ಇಷ್ಟ ನೋಡ್ರಿ." ಹಿಂದಿನ ಸೀಟಿನಲ್ಲಿದ್ದ ಅವಳ ಮಗಳು ನಿಧಿ, ಹತ್ತು ವರ್ಷದವಳು, ನಮ್ಮ ಕನ್ನಡವನ್ನೆಲ್ಲ ಕೇಳಿಸಿಕೊಂಡು, "ಅಜ್ಜಾ, ಯು ಲೈಡ್ ಟು ಎ ಡಾಗ್!" ಎಂದಳು.

ಎಲ್ಲರ ಜೊತೆ ನಾನೂ ನಕ್ಕೆ. ಆದರೆ ಆ ಅಧಿಕಾರಿಯ ಮಾತು ಮಾತ್ರ ನನ್ನನ್ನು ಬಿಡಲಿಲ್ಲ. ಕಾರಣ, ಈ ಪ್ರವಾಸದಲ್ಲಿ ಡಿಕ್ಲೇರ್ ಮಾಡಬೇಕಾದದ್ದು ನನ್ನ ಹತ್ತಿರ ಇನ್ನೊಂದಿತ್ತು. ಅದು ಮೂವತ್ತು ವರ್ಷಕ್ಕೂ ಹಳೆಯದು.

ಚಾಟ್ಸ್‌ವುಡ್: ಹಳೆಯ ಸಂಗತಿ

ಶೈಲಾಳ ಆಫೀಸು ಚಾಟ್ಸ್‌ವುಡ್‌ನಲ್ಲಿ. ನಾನು ಕೆಲವು ದಿನ ಅವಳ ಜೊತೆ ರೈಲಿನಲ್ಲಿ ಹೋಗಿ, ಅಲ್ಲಿಯ ಗ್ರಂಥಾಲಯದಲ್ಲಿ ಕೂತು ಸಂಜೆ ಅವಳೊಡನೆ ಮರಳುತ್ತಿದ್ದೆ. ಇಲ್ಲಿಯ ಜನ ಬಸ್ಸಿನಿಂದ ಇಳಿಯುವಾಗ ಡ್ರೈವರನಿಗೆ "ಥ್ಯಾಂಕ್ಸ್" ಎಂದು ಕೂಗಿ ಇಳಿಯುತ್ತಾರೆ. ನಮ್ಮೂರಿನಲ್ಲಿ ನಾನೊಮ್ಮೆ ಹೀಗೆ ಕೂಗಿದರೆ ಡ್ರೈವರ್ ಏನೋ ಬಿಟ್ಟು ಇಳಿದೆನೆಂದು ಬ್ರೇಕ್ ಹಾಕಿಯಾನು. ಕಾಲಿಗೆ ಕಾಲು ತಗುಲಿದರೆ ತುಳಿಸಿಕೊಂಡವನೂ "ಸಾರಿ" ಎನ್ನುತ್ತಾನೆ. ತಪ್ಪೊಪ್ಪಿಕೊಳ್ಳುವುದು ಇಷ್ಟು ಸುಲಭವಾಗಿರುವ ಊರಿನಲ್ಲಿ ನಾನು ಒಂದು ತಪ್ಪು ಹೊತ್ತುಕೊಂಡು ಓಡಾಡುತ್ತಿದ್ದೆ.

ಸಂಗತಿ ಇಷ್ಟು. ಎಪ್ಪತ್ತರ ದಶಕದ ಮೊದಲಲ್ಲಿ ನಾನು ಪುಣೆಯಲ್ಲಿ ಪಾಲಿ ಕಲಿಯುತ್ತಿದ್ದೆ. ತರಗತಿಯಲ್ಲಿ ಸಿಂಹಳದವಳೊಬ್ಬಳಿದ್ದಳು, ಸುಮನಾ. ನನಗಿಂತ ಎರಡು ವರ್ಷ ದೊಡ್ಡವಳು. ಅವರ ಭಾಷೆಯಲ್ಲೂ ಅಕ್ಕನಿಗೆ ಅಕ್ಕ ಎಂದೇ ಹೇಳುತ್ತಾರೆಂದು ಗೊತ್ತಾದ ದಿನದಿಂದ ಅವಳು ನನಗೆ ಅಕ್ಕ. ತಮ್ಮನಿಗೆ ಅವರು ಮಲ್ಲಿ ಎನ್ನುತ್ತಾರೆ. ಅವಳು ನನ್ನನ್ನು ಹಾಗೆ ಕರೆದಾಗಲೆಲ್ಲ ಹಾಸ್ಟೆಲಿನ ಕನ್ನಡದ ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು.

ಜಾತಕ ಕಥೆಗಳನ್ನು ನಾನು ನಿಜವಾಗಿ ಓದಲು ಕಲಿತದ್ದು ಅವಳಿಂದ. ಬುದ್ಧ ಹಿಂದಿನ ಜನ್ಮಗಳಲ್ಲಿ ಜಿಂಕೆಯಾಗಿ, ಕಪಿಯಾಗಿ, ವ್ಯಾಪಾರಿಯಾಗಿ ಹುಟ್ಟಿದ ಕಥೆಗಳೆಂದರೆ ನಮಗೆಲ್ಲ ನೀತಿಯ ಕಥೆಗಳು, ಮುಗಿಯಿತು. ಅವನ್ನು ಕಟ್ಟಿದ ರೀತಿ ಬೇರೆ. ಮೊದಲು ಇಂದಿನ ಸಂಗತಿ: ವಿಹಾರದಲ್ಲಿ ಯಾರೋ ಜಗಳವಾಡುತ್ತಾರೆ, ಯಾರೋ ಮೋಸ ಮಾಡುತ್ತಾರೆ. ಆಗ ಬುದ್ಧ, ಇವನು ಹೀಗೆ ಮಾಡಿದ್ದು ಇದೇ ಮೊದಲಲ್ಲ ಎಂದು ಹಿಂದಿನ ಜನ್ಮದ ಕಥೆ ತೆಗೆಯುತ್ತಾನೆ. ನಡುವೆ ಪದ್ಯ. ಕೊನೆಗೆ, ಅಂದಿನ ಅವನು ಇಂದಿನ ಇವನು, ಅಂದಿನ ಆ ಮರ ನಾನು ಎಂದು ಎಲ್ಲರನ್ನೂ ಜೋಡಿಸಿ ತೋರಿಸುತ್ತಾನೆ. ಆ ಜೋಡಣೆ ಆಗುವ ತನಕ ಕಥೆ ಮುಗಿದಂತಲ್ಲ.

ಇದರಲ್ಲಿ ಎಲ್ಲಕ್ಕಿಂತ ಹಳೆಯದು ಪದ್ಯ. ಪದ್ಯವನ್ನು ಕಂಠಪಾಠದವರು ಅಕ್ಷರ ಬಿಡದೆ ಕಾದರು. ಗದ್ಯ ಮಾತ್ರ ಬಾಯಿಂದ ಬಾಯಿಗೆ ಸಡಿಲವಾಗಿ ಹರಿದು ಸಿಂಹಳಕ್ಕೆ ಹೋಯಿತು, ಅಲ್ಲಿಯ ಭಾಷೆಗೆ ತಿರುಗಿತು, ಮತ್ತೆ ಯಾವಾಗಲೋ ಪಾಲಿಗೆ ಮರಳಿತು. ಐನೂರ ನಲವತ್ತೇಳು ಕಥೆಗಳನ್ನು ಜೋಡಿಸಿದವರು ನೀತಿ ನೋಡಲಿಲ್ಲ, ಪ್ರಾಣಿ ನೋಡಲಿಲ್ಲ. ಒಂದೇ ಪದ್ಯವಿರುವ ಕಥೆಗಳು ಮೊದಲು, ಎರಡಿರುವವು ಆಮೇಲೆ, ಹೀಗೆ ಏರುತ್ತ ಹೋದರು. ನೆನಪಿಟ್ಟುಕೊಳ್ಳುವವರು ಮಾಡಿದ ಕೆಲಸ ಅದು.

ಅಕ್ಕನ ಸೋದರಮಾವ ಅವಳ ಹಳ್ಳಿಯ ವಿಹಾರದಲ್ಲಿ ಭಿಕ್ಕುವಾಗಿದ್ದರು. ಹುಣ್ಣಿಮೆಯ ದಿನ ಕಥೆ ಹೇಳಿ, ಕೊನೆಯ ಜೋಡಣೆಗೆ ತಾವೇ ಕಟ್ಟಿದ ಒಂದೊಂದು ಸಿಂಹಳ ಪದ್ಯ ಹಾಡುತ್ತಿದ್ದರಂತೆ. ಯಾವ ಗ್ರಂಥದಲ್ಲೂ ಇಲ್ಲದ ಪದ್ಯಗಳು ಅವು. ಅಂಥ ಹನ್ನೊಂದನ್ನು ಅವಳು ಅವರ ಕಾಲ ಬಳಿ ಕೂತು ಬರೆದುಕೊಂಡಿದ್ದಳು. ಎಲ್ಲಿ ದನಿ ಏರಬೇಕು, ಎಲ್ಲಿ ಉಸಿರು ನಿಲ್ಲಬೇಕು ಎಂದು ಕೆಂಪು ಶಾಯಿಯ ಗುರುತು. ನನಗೋಸ್ಕರ ನಾಗರಿಯಲ್ಲಿ ಅದರ ಓದು, ಕೆಳಗೆ ಅರ್ಥ.

ನಾನು ಕನ್ನಡದ ಮಕ್ಕಳಿಗೆ ಜಾತಕಗಳ ಪುಸ್ತಕ ಮಾಡುತ್ತೇನೆ ಎಂದಾಗ ಆ ನೋಟುಪುಸ್ತಕ ನನ್ನ ಕೈಗಿಟ್ಟಳು. "ನಕಲು ಮಾಡಿಕೋ ಮಲ್ಲಿ. ಪುಸ್ತಕ ಮಾತ್ರ ಕೈ ಬಿಡಬೇಡ," ಎಂದಿದ್ದಳು.

ನಾನು ಸೋಮಾರಿ. ನಕಲು ಮಾಡಲಿಲ್ಲ. ಗದಗಿನಲ್ಲಿ ಮುದ್ರಣಕ್ಕೆ ಕೊಡುವಾಗ ನನ್ನ ಹಸ್ತಪ್ರತಿಯ ಜೊತೆ ಅವಳ ನೋಟುಪುಸ್ತಕವನ್ನೇ ಇಟ್ಟು, "ಇದರೊಳಗಿನ ಪದ್ಯ ಅಲ್ಲಲ್ಲಿ ಸೇರಿಸ್ರಿ" ಎಂದೆ. ಆಗೆಲ್ಲ ಸೀಸದ ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲ. ಬೇಗ ಮುಗಿಯಲೆಂದು ಹಸ್ತಪ್ರತಿಯನ್ನು ಹರಿದು ಮೂರು ನಾಲ್ಕು ಜನಕ್ಕೆ ಹಂಚುವುದು ಪ್ರೆಸ್ಸಿನ ಪದ್ಧತಿ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಅವಳದ್ದನ್ನು ಹರಿಯಬೇಡಿ ಎಂದು ಹೇಳುವುದು ಮರೆತೆ. ಹದಿನೈದು ದಿನ ಬಿಟ್ಟು ಹೋದಾಗ ನೋಟುಪುಸ್ತಕದ ರಟ್ಟು ಮಾತ್ರ ಇತ್ತು. ಹಾಳೆಗಳಲ್ಲಿ ಕೆಲವು ಮಸಿ ಒರೆಸಿಕೊಂಡು ಮುದ್ದೆಯಾಗಿದ್ದವು. ಒಂದರಲ್ಲಿ ಯಾರೋ ಮಿರ್ಚಿ ಕಟ್ಟಿಸಿಕೊಂಡು ತಿಂದಿದ್ದರು. ಉಳಿದವು ಸಿಗಲೇ ಇಲ್ಲ. ಪ್ರೆಸ್ಸಿನ ಮಾಲೀಕರು ಮೇಲಾಗಿ, "ಒಂದ್ ಫಾರಂ, ಹದಿನಾರ ಪುಟ, ಜಾಸ್ತಿ ಆಗತೈತ್ರೀ ಮಾಸ್ತರ. ಮಕ್ಕಳಿಗೆ ಪದ್ಯ ಯಾಕ? ಅವ ಯಾರಾಗಿದ್ದ ಇವ ಯಾರಾಗಿದ್ದ ಅನ್ನೂದು ಯಾಕ? ಕಥಿ ಸಾಕು," ಎಂದರು. ನಾನು ಆಗಲಿ ಎಂದೆ. ಒಂದು ಪದ್ಯವೂ ಇಲ್ಲದೆ, ಒಂದು ಜೋಡಣೆಯೂ ಇಲ್ಲದೆ, ಪ್ರತಿ ಕಥೆಯ ಕೆಳಗೆ ಒಂದು ದಪ್ಪಕ್ಷರದ ನೀತಿಯೊಂದಿಗೆ ಪುಸ್ತಕ ಬಂತು. ಶಾಲೆಗಳಲ್ಲಿ ಬಹುಮಾನವಾಗಿ ಹಂಚಿದರು. ನನಗೆ ಹೆಸರೂ ಬಂತು.

ಸಿಂಹಳದಿಂದ ಅಕ್ಕನ ಕಾಗದ ಬಂತು, ನೋಟುಪುಸ್ತಕ ಹೇಗಿದೆ ಎಂದು. ಕ್ಷೇಮವಾಗಿದೆ ಎಂದು ಬರೆದೆ. ಮರುಕಾಗದದಲ್ಲಿ, "ಅಂಚೆಯಲ್ಲಿ ಕಳಿಸಬೇಡ, ಕಳೆದೀತು. ನಾನು ಬಂದಾಗ ತೆಗೆದುಕೊಳ್ಳುತ್ತೇನೆ," ಎಂದಿದ್ದಳು. ಅದನ್ನು ಓದಿ ನಾನು ಬದುಕಿದೆ ಅಂದುಕೊಂಡೆ. ಆಮೇಲೆ ಮೆಲ್ಬರ್ನಿನಿಂದ ಒಂದು ಕಾಗದ ಬಂತು. ಸಂಸಾರ ಸಮೇತ ಅಲ್ಲಿಗೆ ಹೋಗಿ ನೆಲೆಸಿದ್ದಳು. ಅದಕ್ಕೆ ನಾನು ಉತ್ತರ ಬರೆಯಲೇ ಇಲ್ಲ.

ಇದನ್ನೆಲ್ಲ ಒಂದು ಸಂಜೆ ರೈಲಿನಲ್ಲಿ ಶೈಲಾಳಿಗೆ ಹೇಳಿದೆ, ನೋಟುಪುಸ್ತಕದ ಗತಿಯೊಂದನ್ನು ಬಿಟ್ಟು. ಅವಳು ತಡಮಾಡಲಿಲ್ಲ. "ನಮ್ಮ ಟೀಮಿನ್ಯಾಗ ನಿಲಂತಿ ಅಂತ ಶ್ರೀಲಂಕಾದಾಕಿ ಇದ್ದಾಳ್ರೀ. ಮೆಲ್ಬರ್ನಿನ್ಯಾಗ ಅಕಿ ಅಂಕಲ್ ಆಂಟಿ ಎಲ್ಲಾ ಇದಾರ. ಕೇಳ್ತೀನಿ ತಡೀರಿ." ಮೂರನೆಯ ದಿನಕ್ಕೆ ನಂಬರ್ ಬಂತು. ಮೂವತ್ತು ವರ್ಷ ನಾನು ಬಚ್ಚಿಟ್ಟುಕೊಂಡದ್ದಕ್ಕೆ ಇಷ್ಟೇ ದೂರ.

ಫೋನಿನಲ್ಲಿ ದನಿ ಸ್ವಲ್ಪ ಒಡೆದಿತ್ತು, ಕರೆಯುವ ರೀತಿ ಮಾತ್ರ ಹಾಗೇ ಇತ್ತು. ನಾವು ಮಾತಾಡುವುದು ಮೊದಲಿನಿಂದಲೂ ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ.

"ಮಲ್ಲಿ! ಬದುಕಿದ್ದೀಯಾ? ನೋಟುಪುಸ್ತಕ ತಂದಿದ್ದೀಯಾ?"

"ಶನಿವಾರ ಬರ್ತೀನಿ ಅಕ್ಕ," ಎಂದೆ.

ಹಗಲು ರೈಲು

ಸಿಡ್ನಿಯಿಂದ ಮೆಲ್ಬರ್ನಿಗೆ ವಿಮಾನವೆಂದರೆ ಒಂದೂವರೆ ಗಂಟೆಯ ದಾರಿಯಂತೆ. ನಾನು ಇಡೀ ಹಗಲು ಹಿಡಿಯುವ ರೈಲನ್ನೇ ಆರಿಸಿದೆ. ಶೈಲಾ ಮಾಮೂಲಿನಂತೆ ಬೈದಳು. ನನಗೆ ಬೇಕಾದದ್ದು ತಡ.

ಕಿಟಕಿಯಾಚೆ ಒಣಹುಲ್ಲಿನ ಬಯಲು, ಕುರಿಗಳು. ನವಲಗುಂದದ ಕಡೆ ಬೇಸಿಗೆಯಲ್ಲಿ ಹೊಲ ಹೀಗೇ ಇರುತ್ತವೆ. ಆದರೆ ಅಲ್ಲಿ ಎಲ್ಲೋ ಒಬ್ಬ ಮನುಷ್ಯನಾದರೂ ಕಾಣುತ್ತಾನೆ. ಇಲ್ಲಿ ಒಂದು ತಾಸಿಗೆ ಒಂದು ಮನೆ.

ಪಕ್ಕದಲ್ಲಿ ವಯಸ್ಸಾದ ಬಿಳಿಯ ಹೆಂಗಸೊಬ್ಬಳು ಉಲ್ಲನ್ ಹೆಣೆಯುತ್ತ ಕೂತಿದ್ದಳು. ನೀವು ಏನು ಮಾಡುತ್ತಿದ್ದಿರಿ ಎಂದು ಕೇಳಿದಳು. ಮಾಸ್ತರನನ್ನು ಹಾಗೆ ಕೇಳಬಾರದು. ನಾನು ಜಾತಕಗಳು ಕೂಡಿಬಂದ ಕಥೆಯನ್ನೆಲ್ಲ ಹೇಳಿದೆ. ಭೀಮಾ ತೀರದ ಕನಗನಹಳ್ಳಿಯಲ್ಲಿ ಸಿಕ್ಕ ಒಡೆದ ಕಲ್ಲುಗಳ ಮೇಲೂ ಈ ಕಥೆಗಳಿವೆ, ಕೆತ್ತಿದವರಿಗೆ ಕಥೆ ಬಾಯಲ್ಲೇ ಬರುತ್ತಿತ್ತು ಎಂದೆ. ಪದ್ಯ ಗಟ್ಟಿಯಾಗಿ ಉಳಿಯಿತು, ಗದ್ಯ ನಂಬಿಕೆಯ ಮೇಲೆ ನಡೆಯಿತು ಎಂದೆ.

ಅವಳು ಸೂಜಿ ನಿಲ್ಲಿಸಿದಳು. "ನಮ್ಮಮ್ಮನ ಅಡುಗೆ ಪುಸ್ತಕ ಹಾಗೇ ಇತ್ತು. ಎಷ್ಟು ಹಿಟ್ಟು, ಎಷ್ಟು ಬೆಣ್ಣೆ, ಅಷ್ಟೇ. ಹೇಗೆ ಮಾಡೋದು ಅನ್ನೋದೆಲ್ಲ ಅವಳ ಬಾಯಲ್ಲಿ. ಕೇಳಬೇಕು ಕೇಳಬೇಕು ಅಂತಲೇ ಇದ್ದೆ. ಒಂದು ವರ್ಷ ಹೋದೆ, ಅವಳಿಗೆ ನನ್ನ ಹೆಸರೇ ನೆನಪಿರಲಿಲ್ಲ."

ಮತ್ತೆ ಹೆಣೆಯತೊಡಗಿದಳು. ನಾನು ಚೀಲದಿಂದ ನನ್ನ ಪುಸ್ತಕದ ಒಂದು ಪ್ರತಿ ತೆಗೆದು ನೋಡಿದೆ. ಅಕ್ಕನಿಗೆ ಕೊಡಬೇಕೆಂದು ಧಾರವಾಡದಿಂದ ತಂದದ್ದು. ಮುನ್ನುಡಿಯಲ್ಲಿ ಅವಳ ಹೆಸರೂ ಇರಲಿಲ್ಲ. ಅದನ್ನು ಮತ್ತೆ ಚೀಲದ ತಳಕ್ಕೆ ಹಾಕಿದೆ.

ಮೆಲ್ಬರ್ನ್: ಭಾನುವಾರದ ತರಗತಿ

ಶನಿವಾರ ಸಂಜೆ ಅವಳ ಮನೆಯ ತುಂಬ ಮಕ್ಕಳು, ಅಳಿಯ, ನೆರೆಯವರು. ನನ್ನ ಮಾತಿಗೆ ಸಂದಿ ಸಿಗಲಿಲ್ಲ. ಸಂದಿ ಸಿಗಲಿಲ್ಲವೆಂದು ನನಗೆ ಖುಷಿಯೇ ಆಯಿತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಅಕ್ಕ ಕೂದಲು ಪೂರ್ತಿ ಬಿಳಿಯಾಗಿ, ಸ್ವಲ್ಪ ಬಾಗಿದ್ದಳು. ಊಟಕ್ಕೆ ಬಡಿಸುವಾಗ, "ಹುಳಿ ಜಾಸ್ತಿ ಹಾಕಿಸಿದ್ದೀನಿ, ನಿನಗೆ ಬೇಕಲ್ಲ," ಎಂದಳು. ನನ್ನ ನಾಲಿಗೆಯ ರುಚಿ ನೆನಪಿಟ್ಟವಳಿಗೆ ನೋಟುಪುಸ್ತಕ ಮರೆಯುತ್ತದೆಯೇ!

ಡ್ಯಾಂಡೆನಾಂಗ್ ಕಡೆಯ ಒಂದು ಸಬರ್ಬ್‌ನಲ್ಲಿ ಅವರ ವಿಹಾರ. ಹೊರಗಿನಿಂದ ಇನ್ನೊಂದು ಹೆಂಚಿನ ಮನೆಯಂತೆಯೇ. ಭಾನುವಾರ ಬೆಳಿಗ್ಗೆ ನಲವತ್ತು ಮಕ್ಕಳು ಬಿಳಿಯ ಬಟ್ಟೆ ಹಾಕಿ ಚಾಪೆಯ ಮೇಲೆ ಕೂತಿದ್ದರು. ಒಳಗೆ ಬಂದಾಗ ಬಿಸಿಲಿತ್ತು, ಕೂತಾಗ ಮಳೆ ಬಂತು, ಮಾತು ಶುರುವಾಗುವಾಗ ಮತ್ತೆ ಬಿಸಿಲು. ಆ ಊರೇ ಹಾಗೆ. ಅಕ್ಕ ಅಲ್ಲಿ ಇಪ್ಪತ್ತು ವರ್ಷದಿಂದ ಕಥೆ ಹೇಳುತ್ತಾಳೆ. ಅಂದು ನನ್ನನ್ನು ಮುಂದೆ ಕೂರಿಸಿದಳು.

ಕೊಕ್ಕರೆಯ ಕಥೆ ಹೇಳಿದೆ. ಕೊಳ ಒಣಗುತ್ತದೆ, ನಿಮ್ಮನ್ನು ಬೇರೆ ಕೊಳಕ್ಕೆ ಒಯ್ಯುತ್ತೇನೆ ಎಂದು ಮೀನುಗಳನ್ನು ನಂಬಿಸಿದ ಕೊಕ್ಕರೆ. ಒಂದೊಂದನ್ನೇ ಒಯ್ದು ತಿನ್ನುತ್ತದೆ, ಮರಳಿ ಬಂದು ಅವರೆಲ್ಲ ಅಲ್ಲಿ ಕ್ಷೇಮ ಎನ್ನುತ್ತದೆ. ಕೊನೆಗೆ ಏಡಿಯೊಂದು ಅದರ ಕತ್ತನ್ನೇ ಕತ್ತರಿಸುತ್ತದೆ. ಎಲ್ಲವೂ ಮರದಲ್ಲಿದ್ದ ದೇವತೆಯ ಕಣ್ಣೆದುರು. ನಾಲಿಗೆಗೆ ಅಭ್ಯಾಸವಾದ ಕಥೆ, ಚೆನ್ನಾಗಿಯೇ ಹೇಳಿದೆ. ಕ್ಷೇಮ ಎಂಬಲ್ಲಿ ಮಾತ್ರ ಅಕ್ಕನ ಕಡೆ ನೋಡಲಿಲ್ಲ. "ಆದ್ದರಿಂದ ಮಕ್ಕಳೇ, ಮೋಸ ಮಾಡಬಾರದು," ಎಂದು ಮುಗಿಸಿದೆ.

ಯಾರೂ ಏಳಲಿಲ್ಲ. ಚಪ್ಪಾಳೆಯೂ ಇಲ್ಲ. ನಲವತ್ತು ಮುಖಗಳು ನನ್ನನ್ನೇ ನೋಡುತ್ತಿದ್ದವು. ಮುಂದಿನ ಸಾಲಿನ ಹುಡುಗಿ ಕೈ ಎತ್ತಿದಳು.

"ಅಂಕಲ್, ಬಟ್ ಹೂ ವಾಸ್ ದ ಕ್ರೇನ್?"

ಅಂದಿನ ಕೊಕ್ಕರೆ ಇಂದು ಯಾರು? ಪುಣೆಯಲ್ಲಿ ಬಾಯಿಪಾಠವಿತ್ತು. ನನ್ನ ಪುಸ್ತಕದಿಂದ ತೆಗೆದುಹಾಕಿದ ಮೇಲೆ ಎಷ್ಟು ವರ್ಷ ಈ ಕಥೆ ಹೇಳಿದೆ! ಒಮ್ಮೆಯೂ ಅದು ಬೇಕಾಗಿರಲಿಲ್ಲ. ಈಗ ಮರೆತುಹೋಗಿತ್ತು.

ಹಿಂದಿನಿಂದ ಅಕ್ಕ ಹೇಳಿದಳು. "ಬುದ್ಧನ ವಿಹಾರದಲ್ಲಿ ಹಳೆ ಚಿಂದಿಗೆ ಬಣ್ಣ ಹಾಕಿ ಹೊಸ ಚೀವರದ ಬಟ್ಟೆ ಅಂತ ಮಾರಿದ ಒಬ್ಬ ಭಿಕ್ಕು ಇದ್ದನಲ್ಲ, ಅವನೇ ಕೊಕ್ಕರೆ. ಅವನಿಗೆ ಅದೇ ಮೋಸ ತಿರುಗಿಸಿದ ಹಳ್ಳಿಯ ಭಿಕ್ಕು ಏಡಿ. ಮರದ ದೇವತೆ ಬುದ್ಧ." ಮಕ್ಕಳು ಉಸಿರು ಬಿಟ್ಟು, ಕೈಮುಗಿದು, ಸಾಧು ಸಾಧು ಎಂದರು. ಆಮೇಲೆ ಅವಳೇ ಮತ್ತೆ, "ಈ ಕಥೆಗೆ ನನ್ನ ಮಾವ ಕಟ್ಟಿದ ಪದ್ಯ ಇದೆ ಅಂತ ಹೇಳ್ತಾ ಇದ್ದೆನಲ್ಲ? ಇಷ್ಟು ವರ್ಷ ಅದನ್ನು ಕಾಪಾಡಿದವರು ಈ ಅಂಕಲ್," ಎಂದಳು.

ನಲವತ್ತು ಮಕ್ಕಳೂ ನನ್ನ ಕೈಚೀಲ ನೋಡಿದರು. ಮನೆಗೆ ಹೋಗಿ ಮಾತಾಡೋಣ ಎಂದೆ.

ಮೆಲ್ಬರ್ನ್: ಅಕ್ಕನ ಅಡುಗೆಮನೆ

ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ. ಅವಳು ದಪ್ಪ ರಟ್ಟಿನ ಒಂದು ನೋಟುಪುಸ್ತಕ ತಂದು ಮೇಜಿನ ಮೇಲಿಟ್ಟಳು. ಇಪ್ಪತ್ತು ವರ್ಷದಿಂದ ಮಕ್ಕಳಿಗಾಗಿ ಜೋಡಿಸುತ್ತ ಬಂದ ಜಾತಕಗಳು, ಹಳಬರ ಕ್ರಮದಲ್ಲೇ, ಒಂದು ಪದ್ಯದವು ಮೊದಲು. ಪುಟ ತಿರುವುತ್ತ ಹೋದೆ. ಅಲ್ಲಲ್ಲಿ ಒಂದು ಪುಟ ಖಾಲಿ. ಮೇಲೆ ಕಥೆಯ ಹೆಸರು, ಕೆಳಗೆ ಏನೂ ಇಲ್ಲ. ಹನ್ನೊಂದು ಎಣಿಸಿದೆ.

"ನೀನು ತಂದ ಮೇಲೆ ಬರೆಯೋಣ ಅಂತ ಬಿಟ್ಟಿದ್ದೀನಿ," ಎಂದಳು.

ಆಗ ಹೇಳಿದೆ. ಪ್ರೆಸ್ಸು, ಹರಿದ ಹಾಳೆ, ಮಸಿ, ಮಿರ್ಚಿ, ಎಲ್ಲ. ರೈಲಿನಲ್ಲಿ ಅಭ್ಯಾಸ ಮಾಡಿದ ಒಳ್ಳೆಯ ವಾಕ್ಯಗಳಲ್ಲಿ ಒಂದೂ ನೆನಪಾಗಲಿಲ್ಲ. ಕ್ಷೇಮ ಎಂದು ಕಾಗದ ಬರೆದಾಗ ಅದು ಇರಲೇ ಇಲ್ಲ ಎಂದೂ ಹೇಳಿದೆ.

ಅವಳು ಎದ್ದು ಚಹಾಕ್ಕೆ ನೀರಿಟ್ಟಳು. ನನಗೆ ಬೆನ್ನು ಹಾಕಿ ನಿಂತಿದ್ದಳು. ನೀರು ಕುದಿಯಿತು, ಆರಿಸಿದಳು, ಚಹಾ ಮಾಡಲಿಲ್ಲ.

"ಆ ಕಾಗದ ಬರೆದಾಗ ಮಾವ ಇದ್ದರು ಮಲ್ಲಿ."

ನಾನು ತೆರೆದಿದ್ದ ನೋಟುಪುಸ್ತಕ ಮುಚ್ಚಿದೆ.

"ಆರು ವರ್ಷ ಇದ್ದರು ಆಮೇಲೆ. ಕೊನೆಯ ವರ್ಷದ ತನಕ ಹಾಡ್ತಿದ್ದರು. ಹೋಯ್ತು ಅಂತ ನೀನು ಒಂದು ಸಾಲು ಬರೆದಿದ್ದರೆ ಮರುದಿನವೇ ಹೋಗಿ ಅವರ ಹತ್ತಿರ ಕೂತು ಮತ್ತೆ ಬರ್ಕೋತಿದ್ದೆ. ಬರೆದದ್ದು ಕ್ಷೇಮವಾಗಿದೆಯಲ್ಲ ಅಂತ ನಾನು ಕೇಳಲೇ ಇಲ್ಲ. ಹೋದಾಗಲೆಲ್ಲ ಬೇರೆ ಏನೇನೋ ಮಾತಾಡಿ ಬಂದೆ."

ಹಾಳೆ ಹರಿದದ್ದು ಪ್ರೆಸ್ಸಿನವರು. ಪದ್ಯ ಕೊಂದದ್ದು ನಾನು. ಮೂವತ್ತು ವರ್ಷ ನಾನು ಪಶ್ಚಾತ್ತಾಪಪಟ್ಟದ್ದು ಬೇರೆಯದೇ ತಪ್ಪಿಗೆ ಎಂದು ಆ ಅಡುಗೆಮನೆಯಲ್ಲಿ ತಿಳಿಯಿತು. ಕ್ಷಮಿಸು ಅಕ್ಕ ಎಂದೆ. ಅವಳು ಎದುರು ಕೂತು ಪೆನ್ನು ತೆಗೆದಳು.

"ನಿನಗೆ ಏನು ನೆನಪಿದೆ, ಹೇಳು. ನನಗೆ ರಾಗ ನೆನಪಿದೆ, ಮಾತು ಇಲ್ಲ."

ಸಿಂಹಳದ ಶಬ್ದ ಒಂದೂ ಉಳಿದಿರಲಿಲ್ಲ. ಹನ್ನೊಂದರಲ್ಲಿ ಒಂದರ ಅರ್ಥ ಮಾತ್ರ ನೆನಪಿತ್ತು, ಕೊಕ್ಕರೆಯ ಕಥೆಯದೇ. ಬುದ್ಧ ಹೇಳುವ ಮಾತು ಅದು: ತಿಂದವನು ನಾನಲ್ಲ, ಕತ್ತರಿಸಿದವನೂ ನಾನಲ್ಲ. ನೋಡಿಯೂ ಸುಮ್ಮನಿದ್ದ ಮರ ನಾನು. ಆ ಸುಮ್ಮನಿದ್ದುದಕ್ಕಾಗಿ ಈ ಜನ್ಮವೆಲ್ಲ ಮಾತಾಡುತ್ತಿದ್ದೇನೆ. ಇಷ್ಟೇ. ಅವಳು ನಿಧಾನವಾಗಿ ಬರೆದುಕೊಂಡಳು. ಕೆಳಗೆ ಇನ್ನೊಂದು ಸಾಲು ಸೇರಿಸಿ ನನ್ನ ಕಡೆ ತಿರುಗಿಸಿದಳು: "ಕೇಳಿದ್ದು: ಧಾರವಾಡದ ಗುರುಸಿದ್ಧಪ್ಪನಿಂದ."

"ಅದು ಬೇಡ ಅಕ್ಕ. ಕೈಮುಗೀತೀನಿ."

"ಯಾರಿಂದ ಕೇಳಿದ್ದು ಅಂತ ಬರೆಯದೆ ನಾನು ಇದರಲ್ಲಿ ಏನನ್ನೂ ಸೇರಿಸಿಲ್ಲ," ಎಂದಳು. ಆಮೇಲೆ ಚಹಾ ಮಾಡಿದಳು. ಮರುದಿನ ಸ್ಟೇಷನ್ನಿಗೆ ಬಂದು ದಾರಿಗೆಂದು ಅನ್ನದ ಪೊಟ್ಟಣ ಕೊಟ್ಟಳು. ನನ್ನ ಪುಸ್ತಕವನ್ನು ನಾನು ಚೀಲದಿಂದ ಹೊರಗೇ ತೆಗೆಯಲಿಲ್ಲ.

ಮರಳಿ ಧಾರವಾಡ

ಐದಾರು ತಿಂಗಳಾದ ಮೇಲೆ ಅಂಚೆಯಲ್ಲಿ ಒಂದು ಲಕೋಟೆ ಬಂತು. ಅಕ್ಕನ ನೋಟುಪುಸ್ತಕವನ್ನು ನೆರಳಚ್ಚು ಮಾಡಿ ಹೊಲಿದಿದ್ದರು, ತರಗತಿಯ ಪ್ರತಿ ಮಗುವಿಗೆ ಒಂದು ಪ್ರತಿ ಎಂದು ಮೊದಲ ಪುಟದಲ್ಲಿತ್ತು. ನನಗೂ ಒಂದು. ಕಾಗದವೇನೂ ಇರಲಿಲ್ಲ.

ಖಾಲಿ ಪುಟಗಳನ್ನು ಅವಳು ತೆಗೆದಿರಲಿಲ್ಲ. ಅವೂ ಹಾಗೇ ಅಚ್ಚಾಗಿದ್ದವು, ಮೇಲೆ ಕಥೆಯ ಹೆಸರು, ಕೆಳಗೆ ಬಿಳಿ. ಕೊಕ್ಕರೆಯ ಪುಟದಲ್ಲಿ ನಾಲ್ಕು ಸಾಲು, ಅದರಡಿ ನನ್ನ ಹೆಸರು. ಮೆಲ್ಬರ್ನಿನ ಮಕ್ಕಳು ಅದನ್ನು ಓದಿ ನನ್ನನ್ನು ಪದ್ಯ ಉಳಿಸಿದವನೆಂದು ತಿಳಿದುಕೊಳ್ಳುತ್ತಾರೆ. ಉಳಿದ ಹತ್ತು ಪುಟಗಳ ಕೆಳಗೆ ಅಕ್ಕ ಯಾರ ಹೆಸರನ್ನೂ ಬರೆದಿಲ್ಲ. ಅಲ್ಲಿಯೂ ಇರಬೇಕಾದದ್ದು ನನ್ನ ಹೆಸರೇ.